ಅಳತೆಗೆ ನಿಂತವನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ತೆಗೆದ ಒಳ್ಳೆಯ ಚಿತ್ರಗಳೆಲ್ಲ ಬೇರೆಯವರ ಮದುವೆಯಲ್ಲಿ ಮಿಕ್ಕಿದ್ದು. ಮದುವೆಮನೆಯಲ್ಲಿ ಮಿಕ್ಕ ಹೋಳಿಗೆಯನ್ನು ಮರುದಿನ ತುಪ್ಪ ಹಾಕಿ ಬಿಸಿ ಮಾಡಿ ತಿಂದರೆ ಅದರ ರುಚಿಯೇ ಬೇರೆ ಎನ್ನುತ್ತಾರಲ್ಲ, ನನ್ನ ಕಲೆಯ ಸಮಾಚಾರವೂ ಅಷ್ಟೇ.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಶಿರಸಿಯಲ್ಲಿ ಸ್ಟುಡಿಯೋ ತೆರೆದದ್ದು ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ. ಆಗ ಕ್ಯಾಮರಾದೊಳಗೆ ರೋಲ್ ಇರುತ್ತಿತ್ತು, ಒಂದು ರೋಲಿಗೆ ಮೂವತ್ತಾರು ಫೋಟೊ. ಕೈ ಪಳಗಿದವನಾದರೆ ಮೂವತ್ತೆಂಟು ಎಳೆಯುತ್ತಿದ್ದ. ಬಣ್ಣದ ರೋಲ್ ತೊಳೆಯುವ ಲ್ಯಾಬ್ ಇದ್ದದ್ದು ಹುಬ್ಬಳ್ಳಿಯಲ್ಲಿ. ಮುಗಿದ ರೋಲುಗಳನ್ನು ಡಬ್ಬಿಗೆ ಹಾಕಿ ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಒಂದೆರಡು ದಿನಕ್ಕೆ ಪ್ರಿಂಟುಗಳು ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದವು. ಒಮ್ಮೆ ಆ ಡಬ್ಬಿ ಕಂಡಕ್ಟರನ ಜೊತೆ ಚಹಾಕ್ಕೆಂದು ಕಿರವತ್ತಿಯಲ್ಲಿ ಇಳಿದು ಅಲ್ಲೇ ಉಳಿಯಿತು. ನಾನು ಎದೆ ಹೊಡೆದುಕೊಂಡು ಓಡಿಹೋದರೆ ಹೋಟೆಲಿನವರು ಅದನ್ನು ಹಾಲಿನ ಪಾತ್ರೆಯ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದರು. “ಯಾರದೋ ಇಂಜೆಕ್ಷನ್ ಇರಬೇಕು ಅಂತ ತಂಪಿಗೆ ಇಟ್ಟೀನಿ ನೋಡ್ರಿ” ಎಂದರು. ಸಿದ್ದಾಪುರದ ಒಂದು ಮದುವೆಯ ಧಾರೆ, ಯಲ್ಲಾಪುರದ ಒಂದು ಉಪನಯನ, ಎಲ್ಲ ಎರಡು ದಿನ ಹಾಲಿನ ಜೊತೆ ತಣ್ಣಗೆ ಕೂತಿದ್ದವು.

ಹೇಳಬೇಕಾದದ್ದು ಮಿಕ್ಕ ಫೋಟೊಗಳ ವಿಷಯ. ರೋಲ್ ಪೂರ್ತಿ ಮುಗಿಯದೆ ಲ್ಯಾಬಿಗೆ ಕಳಿಸುವುದು ನಮ್ಮ ಕಸುಬಿನಲ್ಲಿ ಅನ್ನ ಚೆಲ್ಲಿದಷ್ಟೇ ಪಾಪ. ಹಾಗಾಗಿ ಮದುವೆ ಮುಗಿದ ಮೇಲೂ ಕ್ಯಾಮರಾದ ಹೊಟ್ಟೆಯಲ್ಲಿ ಮೂರೋ ನಾಲ್ಕೋ ಫೋಟೊ ಉಳಿದಿದ್ದರೆ ಅವನ್ನು ಹೇಗಾದರೂ ಮುಗಿಸಬೇಕು. ಬೇರೆಯವರು ಬೆಕ್ಕಿನದೋ ಹೆಂಡತಿಯದೋ ಫೋಟೊ ತೆಗೆದು ಮುಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಕ್ಯಾಮರಾ ಕಂಡರೆ ಎರಡೂ ಒಳಗೆ ಹೋಗುತ್ತಿದ್ದವು. ಆದ್ದರಿಂದ ನಾನು ಆ ಮೂರು ನಾಲ್ಕನ್ನು ಕುತ್ತಿಗೆಗೆ ನೇತುಹಾಕಿಕೊಂಡು ಕಾಡಿನ ದಾರಿ ಹಿಡಿಯುವ ಅಭ್ಯಾಸ ಮಾಡಿಕೊಂಡೆ.

ಆ ದಾರಿಗೆ ನನ್ನನ್ನು ಮೊದಲು ಎಳೆದುಕೊಂಡು ಹೋದವನು ಶ್ರೀಪಾದ. ಹುಲೇಕಲ್ಲಿನವನು. ಅಲ್ಲಿಯ ಸೊಸೈಟಿಯಲ್ಲಿ ಅಡಿಕೆ ತೂಗುವ ಕೆಲಸ. ಒಂದು ಹಿಡಿ ಅಡಿಕೆಯನ್ನು ಕಿವಿಯ ಹತ್ತಿರ ಕುಲುಕಿ, ಒಣಗಿದೆಯೋ ಇನ್ನೂ ಹಸಿಯೋ ಎಂದು ಹೇಳುತ್ತಿದ್ದ. ಗುರುತಿನ ಚೀಟಿಗೆ ಫೋಟೊ ಬೇಕೆಂದು ಸ್ಟುಡಿಯೋಕ್ಕೆ ಬಂದ, ತೆಗೆಸಿಕೊಂಡ, ಯಾವಾಗ ಸಿಗುತ್ತದೆ ಎಂದು ಕೇಳಿದ. ನಾನು ಎಲ್ಲರಿಗೂ ಹೇಳುವ ಉತ್ತರವನ್ನೇ ಅವನಿಗೂ ಹೇಳಿದೆ.

“ರೋಲ್ ಮುಗೀಬೇಕ್ರಿ. ಇನ್ನೂ ನಾಕು ಫೋಟೊ ಅದಾವ. ನಾಕೈದು ದಿನ ಬಿಟ್ಟು ಬರ್ರಿ.”

ಯಾರ ಜೊತೆಗಾದರೂ ತನ್ನ ಮನೆಮಾತಿನಲ್ಲೇ ಮಾತಾಡುವ ಆಸಾಮಿ ಅವನು. “ನಾಲ್ಕು ಫೋಟೊಕ್ಕೆ ನಾಲ್ಕು ದಿನ ಎಂತಕ್ಕೆ ಕಾಯವು? ನಡೀರಿ, ಮುಗಿಸ್ಕಂಡೇ ಬಪ್ಪ” ಎಂದು ಎದ್ದೇಬಿಟ್ಟ. ನನ್ನ ಸ್ಕೂಟರಿನ ಹಿಂದೆ ತಾನೇ ಹತ್ತಿ ಕೂತ. ಊರು ದಾಟಿ ಹುಲೇಕಲ್ ರಸ್ತೆಯಲ್ಲಿ ಒಂದು ಕಡೆ ಇಳಿಸಿ, ಕಾಲುದಾರಿಯಲ್ಲಿ ನಡೆಸಿ, ಒಂದು ನಂದಿಮರದ ಎದುರಿಗೆ ನಿಲ್ಲಿಸಿದ. ಅಷ್ಟು ಎತ್ತರದ, ಅಷ್ಟು ಬಿಳಿಯ ಮೈಯ ಮರವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮದು ಬನವಾಸಿ ಕಡೆಯ ಬಯಲು. ಅಪ್ಪನದು ಬಟ್ಟೆ ಅಂಗಡಿ. ಮರ ಎಂದರೆ ನೆರಳು ಎಂದಷ್ಟೇ ಗೊತ್ತಿದ್ದ ಮನೆತನ.

ಕ್ಯಾಮರಾದಲ್ಲಿ ನೋಡಿದರೆ ಆ ಮರ ಎಲ್ಲ ಮರಗಳಂತೆ ಒಂದು ಮರ. ಅದರ ಭವ್ಯತೆ ಎಲ್ಲಿ ಸೋರಿಹೋಯಿತೋ ತಿಳಿಯಲಿಲ್ಲ. ತಟ್ಟನೆ ಒಂದು ಉಪಾಯ ಹೊಳೆಯಿತು.

“ಅಲ್ಲಿ ನಿಂದ್ರು” ಎಂದೆ. ಅಷ್ಟರಲ್ಲಿ ನಾವು ‘ನೀನು’ ಆಗಿದ್ದೆವು. “ಬುಡಕ್ಕ ಹೋಗಿ ನಿಂದ್ರು. ಈ ಕಡಿ ನೋಡಬ್ಯಾಡ.”

“ಎಂತಕ್ಕೆ?”

“ಮರ ಎಷ್ಟು ದೊಡ್ಡದೈತಿ ಅಂತ ನೋಡಿದವರಿಗೆ ತಿಳೀಬೇಕಲ್ಲೋ.”

“ಓ! ಅಲ್ಲಿ ಅಡಕೆ ತೂಗದು, ಇಲ್ಲಿ ಮರ ತೂಗದು. ಎನ್ನ ಜಾತಕದಲ್ಲೇ ತಕ್ಕಡಿ ಇದ್ದನ” ಎಂದು ಗೊಣಗುತ್ತಾ ಹೋಗಿ ಬೆನ್ನು ತಿರುಗಿಸಿ ನಿಂತ. ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡಿದ್ದ. ಎರಡೂ ಕೈ ಹಿಂದೆ, ತಲೆ ತುಸು ಎಡಕ್ಕೆ ವಾಲಿತ್ತು. ಮರ ಒಮ್ಮೆಲೇ ಬೆಳೆದು ಆಕಾಶಕ್ಕೆ ಹೋಯಿತು.

ಬೆನ್ನೇ ಯಾಕೆ ಎಂದು ನೀವು ಕೇಳಬಹುದು. ಮುಖ ಕಂಡರೆ ಮರ ಕಾಣುವುದಿಲ್ಲ. ಮನುಷ್ಯನ ಕಣ್ಣು ಬಲು ಸ್ವಾರ್ಥಿ. ಎಂಥ ಜಲಪಾತದ ಚಿತ್ರದಲ್ಲೂ ಮೂಲೆಯಲ್ಲಿ ಒಂದು ಮೂಗು ಕಂಡರೆ ಸಾಕು, ಇದು ಯಾರ ಮೂಗು ಎಂದು ಹುಡುಕುತ್ತಾ ಕೂರುತ್ತದೆ. ಇನ್ನು ಮನುಷ್ಯನಿಂದ ಅಳೆಯುವುದು ನನ್ನ ಆವಿಷ್ಕಾರವೇನೂ ಅಲ್ಲ. ನಮ್ಮ ಭಾಷೆಯೇ ಮೈಯನ್ನು ಗಜಕಡ್ಡಿ ಮಾಡಿಕೊಂಡು ಬೆಳೆದದ್ದು. ಹೂವಿಗೆ ಮೊಳ, ಬಟ್ಟೆಗೆ ಗೇಣು, ಹಗ್ಗಕ್ಕೆ ಮಾರು. ಬಾವಿ ಎಷ್ಟು ಆಳ ಎಂದರೆ ಮೂರಾಳು, ಎಂದರೆ ಮೂರು ಜನ ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವಷ್ಟು. ದಾರಿ ಎಷ್ಟು ದೂರ ಎಂದರೆ ಕೂಗಳತೆ. ಶ್ರೀಪಾದನನ್ನು ಕೇಳಿದರೆ “ಒಂದು ಕವಳದ ದಾರಿ” ಎನ್ನುತ್ತಿದ್ದ. ಬಾಯಿಗೆ ಹಾಕಿದ ಎಲೆಯಡಿಕೆ ಮುಗಿಯುವುದರೊಳಗೆ ತಲುಪಬಹುದು ಎಂದು ಅರ್ಥ. ಅವನ ಕವಳ ಮಾತ್ರ ಬಹಳ ದೊಡ್ಡದಿರುತ್ತಿತ್ತು, ನಾನು ಎಷ್ಟೋ ಸಲ ಮೋಸ ಹೋಗಿದ್ದೇನೆ.

ಹಳೆಯ ಶಿಲ್ಪಿಗಳಿಗೂ ಈ ಗುಟ್ಟು ಗೊತ್ತಿತ್ತು. ದೇವರ ಮೂರ್ತಿಯ ಪಕ್ಕದಲ್ಲಿ ಚಾಮರ ಹಿಡಿದವರನ್ನು ನೋಡಿ, ದೇವರ ಮೊಣಕಾಲಿಗೆ ಬರುತ್ತಾರೆ. ದೇವರು ದೊಡ್ಡವನಾಗಬೇಕಾದರೆ ಪಕ್ಕದಲ್ಲಿ ಯಾರಾದರೂ ಸಣ್ಣವರಾಗಲೇಬೇಕು. ಆ ಚಾಮರದವರನ್ನು ಯಾವ ಶಿಲ್ಪಿಯೂ ಕೇಳಿ ಕೆತ್ತಿರಲಿಕ್ಕಿಲ್ಲ. ನಾನೂ ಶ್ರೀಪಾದನನ್ನು ಕೇಳಲಿಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಭಾನುವಾರ ಸೊಸೈಟಿಗೆ ರಜೆ. ಮೊದಲ ಬಸ್ಸಿಗೆ ಅವನು ಶಿರಸಿಗೆ ಬರುತ್ತಿದ್ದ, ಅಲ್ಲಿಂದ ನನ್ನ ಸ್ಕೂಟರು. ಒಮ್ಮೆ ಸಿದ್ದಾಪುರದ ಕಡೆಯ ಗುಡ್ಡ, ಒಮ್ಮೆ ಯಲ್ಲಾಪುರದ ಕಡೆಯ ಹೊಳೆ. ಆದರೆ ನಮ್ಮ ಕಾಲು ತಾನಾಗಿ ಎಳೆಯುತ್ತಿದ್ದದ್ದು ಗುಡ್ನಾಪುರದ ಕೆರೆಗೆ. ಚಳಿಗಾಲದ ಬೆಳಿಗ್ಗೆ ಅಲ್ಲಿಗೆ ಹೋದರೆ ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂದು ಹೇಳುವಂತಿಲ್ಲ. ಎಲ್ಲೋ ಒಂದು ಹಕ್ಕಿ ನೀರು ಬಡಿದ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಆಚೆ ದಡದ ಮರಗಳ ತುದಿ ಮಾತ್ರ ತೇಲಿಕೊಂಡು ಬರುತ್ತವೆ, ಬುಡ ಇನ್ನೂ ಎದ್ದಿರುವುದಿಲ್ಲ. ನಾವಿಬ್ಬರೂ ಅಲ್ಲಿ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಮಂಜು ಕರಗಿಬಿಡುತ್ತದೆ ಎಂದು ಒಳಗೊಳಗೇ ಹೆದರಿಕೆ.

ನನ್ನ ಬಳಿ ಇರುತ್ತಿದ್ದದ್ದು ಮೂರೇ ಫೋಟೊ. ಮೂರು ಇದ್ದಾಗ ಮನುಷ್ಯ ಬಹಳ ಕಾಯುತ್ತಾನೆ. ನಾನು ಕಾಯುತ್ತಿದ್ದೆ, ಅವನು ನೀರಿನಂಚಿನಲ್ಲಿ ನನಗೆ ಬೆನ್ನು ಹಾಕಿಕೊಂಡು ನಿಂತಿರುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಅಲ್ಲಿಂದಲೇ “ಹೂಂ” ಎನ್ನುತ್ತಿದ್ದ. ಪಾಪ, ಕಾಲು ನೋಯುತ್ತಿರಬೇಕು, ಸಾಕು ಮುಗಿಸು ಎನ್ನುತ್ತಿದ್ದಾನೆ ಎಂದುಕೊಂಡು ನಾನು ಒತ್ತುತ್ತಿದ್ದೆ. ಹುಬ್ಬಳ್ಳಿಯಿಂದ ಪ್ರಿಂಟು ಬಂದಾಗ ನೋಡಿದರೆ ಅದು ಸರಿಯಾದ ಕ್ಷಣವೇ ಆಗಿರುತ್ತಿತ್ತು. ನನ್ನ ಕಣ್ಣಿನ ಬಗ್ಗೆ ನನಗೆ ಹೆಮ್ಮೆ ಬೆಳೆಯಿತು. ಹೆಮ್ಮೆಗೆ ನೀರು ಹಾಕುವ ಕೆಲಸ ಇಲ್ಲ, ತಾನೇ ಬೆಳೆಯುತ್ತದೆ.

ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾದ ಮೇಲೆ ಗೆಳೆಯರು ಸೇರಿ ಶಿರಸಿಯ ಒಂದು ಶಾಲೆಯ ಸಭಾಂಗಣದಲ್ಲಿ ನನ್ನ ಚಿತ್ರಗಳ ಪ್ರದರ್ಶನ ಇಟ್ಟರು. ನಲವತ್ತು ಚಿತ್ರ, ಎರಡು ದಿನ. ನಾನು ಹೊಸ ಜುಬ್ಬಾ ಹೊಲಿಸಿಕೊಂಡೆ. ಉದ್ಘಾಟನೆಗೆ ಬಂದವರು ನನಗೆ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿದ ಡ್ರಾಯಿಂಗ್ ಮಾಸ್ತರರು. ಆಗ ನನ್ನ ಹೂಕುಂಡಕ್ಕೆ ನೂರಕ್ಕೆ ಹನ್ನೆರಡು ಕೊಟ್ಟವರು ಅವರೇ. ಗುಡ್ನಾಪುರದ ಕೆರೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. “ಏನು ವಿಸ್ತಾರ, ಏನು ಮೌನ!” ಎಂದರು. ನಾನು ನೆಲದಿಂದ ಒಂದು ಗೇಣು ಮೇಲೆದ್ದೆ.

“ಇಲ್ಲಿ ನಿಂತಿದ್ದಾನಲ್ಲ, ಇವನು ಯಾರು?”

ಆ ಗಳಿಗೆಯಲ್ಲಿ ನನಗೆ ಕಸುಬಿನ ಗುಟ್ಟು ಬಿಚ್ಚಿ ದೊಡ್ಡವನಾಗುವ ಚಪಲ. “ಅದಾ? ಅದು ಯಾರೂ ಅಲ್ರಿ ಸರ್. ಅಳತೆಗೆ ನಿಲ್ಲಿಸಿದ್ದು” ಎಂದೆ.

ಹೇಳಿ ತಿರುಗಿದರೆ ಹಿಂದೆ ಶ್ರೀಪಾದ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಅವನ ಹೆಂಡತಿ ಸಾವಿತ್ರಕ್ಕ, ಒಳ್ಳೆಯ ಸೀರೆ ಉಟ್ಟುಕೊಂಡು. ಗಂಡ ಇರುವ ಚಿತ್ರಗಳನ್ನು ನೋಡಲು ಇಬ್ಬರೂ ಹುಲೇಕಲ್ಲಿನಿಂದ ಬಸ್ ಹತ್ತಿ ಬಂದಿದ್ದರು. ಶ್ರೀಪಾದ ಎಲ್ಲ ಚಿತ್ರಗಳನ್ನೂ ಒಂದು ಸುತ್ತು ನೋಡಿದ. “ಚೊಲೊ ಬಂಜು” ಎಂದ, ಚೆನ್ನಾಗಿ ಬಂದಿದೆ ಎಂದು. ಕಾಫಿ ಕುಡಿಯದೆ ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನನಗೆ ಎಲ್ಲಕ್ಕಿಂತ ಕೆಟ್ಟದೆನಿಸಿದ್ದು ಅವನ ಸಿಟ್ಟಲ್ಲ, ಅವನ ಮರ್ಯಾದೆ. ಹುಲೇಕಲ್ಲಿಗೆ ಹೋಗಿ ಸೊಸೈಟಿಯ ಬಾಗಿಲಲ್ಲಿ ನಿಂತರೆ ತೂಕದ ಮುಂದಿನಿಂದ ತಲೆ ಎತ್ತಿ “ಓ, ಬನ್ನಿ, ಕೂತ್ಗಳಿ” ಎಂದ. ಹತ್ತು ಹನ್ನೆರಡು ವರ್ಷ ‘ಮಾರಾಯಾ’ ಎಂದು ಕರೆದವನು ಒಂದು ದಿನ ‘ಬನ್ನಿ’ ಎಂದರೆ ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. “ಕವಳ ಹಾಕ್ತ್ರ?” ಎಂದೂ ಕೇಳಿದ. ನಾನು ಬೇಡ ಎಂದೆ. ಅವನು ಮತ್ತೆ ತೂಕಕ್ಕೆ ತಿರುಗಿದ. ನಾನು ಅರ್ಧ ಗಂಟೆ ಚೀಲಗಳನ್ನು ನೋಡುತ್ತಾ ಕೂತು ಎದ್ದು ಬಂದೆ. ಕ್ಷಮಿಸು ಎನ್ನುವ ಮಾತು ನಾಲಿಗೆಯವರೆಗೆ ಬಂದು ನಿಂತುಬಿಟ್ಟಿತ್ತು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಇತ್ತ ಭಾನುವಾರಗಳೂ ಹದಗೆಟ್ಟವು. ಅವನಿಲ್ಲದೆ ಗುಡ್ನಾಪುರದ ಕೆರೆ ಚಿತ್ರದಲ್ಲಿ ಹೊಂಡದಂತೆ ಬಂತು. ಅಳತೆಗೆಂದು ಸ್ಕೂಟರ್ ನಿಲ್ಲಿಸಿದೆ. ಸ್ಕೂಟರ್ ಮಾರಾಟಕ್ಕಿದೆ ಎನ್ನುವಂತಿತ್ತು. ಒಂದು ಎಮ್ಮೆಯನ್ನು ನೆಚ್ಚಿಕೊಂಡೆ. ಅದು ನಾನು ಕಾದಷ್ಟು ಹೊತ್ತು ಕಾದು, ಒತ್ತುವ ಗಳಿಗೆಗೆ ಸರಿಯಾಗಿ ನೀರಿಗಿಳಿಯಿತು. ಕೊನೆಗೆ ಕ್ಯಾಮರಾವನ್ನು ಕಲ್ಲಿನ ಮೇಲಿಟ್ಟು, ಹತ್ತು ಸೆಕೆಂಡಿಗೆ ತಾನೇ ಹೊಡೆದುಕೊಳ್ಳುವಂತೆ ಮಾಡಿ ನಾನೇ ಓಡಿದೆ. ಪ್ರಿಂಟು ಬಂದಾಗ ಆ ಮಹಾಮೌನದ ನಡುವೆ ನಾಯಿ ಅಟ್ಟಿಸಿಕೊಂಡು ಬಂದವನಂತೆ ಒಬ್ಬ ಮನುಷ್ಯ ಓಡುತ್ತಿದ್ದ. ಅದನ್ನು ನಾನು ಯಾರಿಗೂ ತೋರಿಸಿಲ್ಲ.

ಆಗ ನನಗೆ ಒಂದು ಮಹಾ ಯೋಚನೆ ಬಂತು. ಗೆಳೆಯನಿಗೆ ನೋವಾದದ್ದು ಯಾಕೆ? ಅವನನ್ನು ಇರುವೆಯಷ್ಟು ಮಾಡಿದ್ದಕ್ಕೆ, ಬರೀ ಬೆನ್ನು ತೋರಿಸಿದ್ದಕ್ಕೆ. ಹಾಗಾದರೆ ಪರಿಹಾರವೂ ಸರಳ. ಮುಖ, ಅದೂ ದೊಡ್ಡದಾಗಿ! ಹುಡುಕಿದರೆ ಅವನ ಮುಖ ಇದ್ದದ್ದು ಒಂದೇ ಒಂದು ನೆಗೆಟಿವ್‌ನಲ್ಲಿ. ಮೊದಲ ದಿನ ತೆಗೆದ ಗುರುತಿನ ಚೀಟಿಯದು. ಅದನ್ನೇ ಹುಬ್ಬಳ್ಳಿಗೆ ಕಳಿಸಿ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದೆ. ಹೂಬಳ್ಳಿಯ ಕೆತ್ತನೆಯ ಚೌಕಟ್ಟು ಹಾಕಿಸಿದೆ. ಪಟದ ಮುಖ ರಸ್ತೆಯ ಕಡೆ ಮಾಡಿ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹುಲೇಕಲ್ಲಿಗೆ ಹೊರಟೆ. ದಾರಿಯಲ್ಲಿ ಎದುರಾದ ಇಬ್ಬರು ಮುದುಕರು ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಅವರು ನನಗೇ ನಮಸ್ಕಾರ ಮಾಡಿದರು ಎಂದುಕೊಂಡು ನಾನೂ ತಲೆಯಾಡಿಸಿದೆ ಎಂದರೆ ನನ್ನ ಬುದ್ಧಿ ಎಷ್ಟು ಎಂದು ನೀವೇ ತೂಗಿಕೊಳ್ಳಿ.

ಸಾವಿತ್ರಕ್ಕ ಬಾಗಿಲಿಗೆ ಬಂದರು. ನಾನು ಪಟವನ್ನು ಜಗುಲಿಯ ಗೋಡೆಗೆ ಒರಗಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ಅಯ್ಯೋ ಬಸಣ್ಣ! ಇವು ಇನ್ನೂ ಬದ್ಕೇ ಇದ್ದ!”

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಗುರುತಿನ ಚೀಟಿಯ ಫೋಟೊ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸುವುದು ಒಂದೇ ಒಂದು ಸಂದರ್ಭದಲ್ಲಿ. ಹದಿಮೂರನೆಯ ದಿನಕ್ಕೆ ಬೇಕು ಎಂದು ಹೇಳಿಯೇ ಜನ ತೆಗೆದುಕೊಂಡು ಹೋಗುತ್ತಿದ್ದರು. ಅಂಥವನ್ನು ನೂರಾರು ಮಾಡಿಕೊಟ್ಟ ನಾನು, ಜೀವಂತ ಗೆಳೆಯನಿಗೆ ಒಂದು ಮಾಡಿ ತಂದಿದ್ದೆ. ಹಾರವೊಂದೇ ಬಾಕಿ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಒಳಗಿನಿಂದ ಶ್ರೀಪಾದ ಬಂದ. ತನ್ನ ಪಟವನ್ನು ನೋಡಿದ. ಪಟ ಅವನನ್ನು ನೋಡಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖದ ಆ ತರುಣನನ್ನು ಬಹಳ ಹೊತ್ತು ನೋಡಿ, ಕೆಳಗೆ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ತಿಥಿ ಯಾವಾಗ ಮಾರಾಯಾ? ಎಂಗೂ ಊಟ ಇದ್ದ?” ಎಂದ.

ಆ ‘ಮಾರಾಯಾ’ ಕೇಳಿ ನನಗೆ ಅಳು ಬಂತು. ಅತ್ತೂಬಿಟ್ಟೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ಚಹಾ ಕೊಡುತ್ತಾ ಸಾವಿತ್ರಕ್ಕ ಆ ಪಟವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟರು. “ಮುಖ ಎಂಗೆ ದಿನಾ ಕಾಣ್ತು ಬಸಣ್ಣ. ಅದ್ರ ದೊಡ್ಡ ಮಾಡ್ಸಿ ಎಂತ ಮಾಡವು? ಆ ಕೆರೆ ಹತ್ರ ನಿತ್ಕಂಡಿದ್ದು ಒಂದು ಇತ್ತಲಿ, ಅದು ಕೊಡಿ.”

“ಅದ್ರಾಗ ಇಂವ ಕಾಣಂಗೇ ಇಲ್ಲಲ್ರಿ ಅಕ್ಕಾ.”

“ಕಾಣ್ತಿಲ್ಲೆ ಹೇಳಿ ಯಾರು ಹೇಳ್ದ? ಆ ಕೊಡೆ ಬಟ್ಟೆ ಹರಿದಾಗ ಹೊಲಿದವಳು ಆನು. ಆ ದಿನ ಶಾಲೆ ಬಾಗಿಲಲ್ಲಿ ಬಪ್ಪಾಗಲೇ ಗುರ್ತು ಸಿಕ್ಕಿತ್ತು.” ಮತ್ತೆ ಹೇಳಿದರು, “ಇಷ್ಟು ವರ್ಷ ಭಾನುವಾರ ಕತ್ತಲೆಲಿ ಎದ್ದು ಎಲ್ಲಿ ಹೋಗ್ತ, ಎಂತ ನೋಡ್ತ ಹೇಳಿ ಎಂಗೆ ಗೊತ್ತಿತ್ತಿಲ್ಲೆ. ಇವು ಇಷ್ಟು ಸಮಾಧಾನದಲ್ಲಿ ನಿತ್ಕಂಡಿದ್ದು ಆನು ಮನೇಲಿ ನೋಡಿದ್ನಿಲ್ಲೆ.”

ಶ್ರೀಪಾದ ಕವಳದ ತಟ್ಟೆಯನ್ನು ಸುಮ್ಮಸುಮ್ಮನೆ ಸರಿಮಾಡುತ್ತಿದ್ದ. ನಾನು ಆಡಬೇಕಾದ ಮಾತನ್ನು ಆಗ ಆಡಿದೆ. “ತಪ್ಪಾತು ನಂದು. ಯಾರೂ ಅಲ್ಲ ಅನ್ನಬಾರದಿತ್ತು” ಎಂದೆ. ಅವನು “ಹೂಂ” ಎಂದ.

ಮರು ಭಾನುವಾರ ಮೊದಲ ಬಸ್ಸಿಗೆ ಬಂದ. ಸ್ಕೂಟರನ್ನು ನೇರ ಗುಡ್ನಾಪುರಕ್ಕೆ ಬಿಟ್ಟೆ. ಕೆರೆಯ ದಡದಲ್ಲಿ ನಾನು ಕ್ಯಾಮರಾ ತೆಗೆಯುತ್ತಿದ್ದಂತೆ ಅವನು ಕೈ ಚಾಚಿದ. “ಇಲ್ಲಿ ಕೊಡು. ಎಂತ ಒತ್ತವು ಹೇಳು ಸಾಕು.” ತೋರಿಸಿದೆ. ಕಾಲರಿನಿಂದ ಕೊಡೆ ತೆಗೆದು ನನ್ನ ಕೈಗೆ ಕೊಟ್ಟು, ನನ್ನದೇ ದನಿಯಲ್ಲಿ ನನ್ನ ಊರಿನ ಮಾತನ್ನು ಅಣಕಿಸಿದ: “ಅಲ್ಲಿ ನಿಂದ್ರು. ಈ ಕಡಿ ನೋಡಬ್ಯಾಡ.”

ಹೋಗಿ ನಿಂತೆ. ಮೊದಲು ಬೆನ್ನಿನಲ್ಲೆಲ್ಲ ತುರಿಕೆ. ನನ್ನ ಬೆನ್ನು ಹೇಗೆ ಕಾಣುತ್ತಿದೆಯೋ, ಹೊಟ್ಟೆ ಬದಿಯಿಂದ ಕಾಣುತ್ತಿದೆಯೋ, ಅವನು ಕ್ಯಾಮರಾ ಕೆಳಗೆ ಹಾಕಿದನೋ ಎಂದು ಹತ್ತು ಯೋಚನೆ. ಆಮೇಲೆ ಒಂದೊಂದಾಗಿ ಅವು ಬಿಟ್ಟುಹೋದವು. ಎದುರಿಗೆ ಚೌಕಟ್ಟಿಲ್ಲದ ಕೆರೆ ಇತ್ತು. ಮಂಜು ನೀರಿನ ಮೇಲೆ ನಡೆದುಕೊಂಡು ಬಂದು ಕಾಲಿನವರೆಗೆ ಬಂತು. ಎಡಗಡೆಯ ಹಕ್ಕಿ ಕರೆಯಿತು, ಬಲಗಡೆಯದು ಬಹಳ ಹೊತ್ತು ಯೋಚಿಸಿ ಉತ್ತರ ಕೊಟ್ಟಿತು. ಆಚೆ ದಡದಲ್ಲಿ ಒಂದು ಬೆಳ್ಳಕ್ಕಿ ಎದ್ದಿತು, ಹಿಂದೆ ಏಳೆಂಟು. ಮಂಜಿನೊಳಗಿಂದ ಬಿಸಿಲಿಗೆ ಬಂದಾಗ ಅವುಗಳ ರೆಕ್ಕೆ ಒಮ್ಮೆಲೇ ಹೊತ್ತಿಕೊಂಡವು.

“ಹೂಂ” ಎಂದೆ.

ಬಾಯಿಂದ ತಾನಾಗಿ ಬಂದದ್ದು. ಹಿಂದೆ ಕ್ಯಾಮರಾದ ಸದ್ದು ಕೇಳಿತು. ನಾನು ಅಲ್ಲೇ ನಿಂತು, ಹತ್ತು ಹನ್ನೆರಡು ವರ್ಷ ತಡವಾಗಿ, ಆ ‘ಹೂಂ’ ಎಂದರೆ ಏನೆಂದು ತಿಳಿದುಕೊಂಡೆ. ಅದು ಕಾಲುನೋವಲ್ಲ. ಅಷ್ಟು ವರ್ಷ ಕೆರೆಯನ್ನು ನೋಡಿದವನು ಅವನು. ನಾನು ನೋಡಿದ್ದು ಕೆರೆ ನೋಡುತ್ತಿದ್ದ ಅವನನ್ನು. ಅವನು ಹೇಳಿದಾಗ ಒತ್ತಿದ್ದೆ, ಒತ್ತಿದ್ದಕ್ಕೆ ಜುಬ್ಬಾ ಹೊಲಿಸಿಕೊಂಡಿದ್ದೆ.

ಆ ಚಿತ್ರ ತುಸು ಓರೆಯಾಗಿ ಬಂದಿದೆ, ಆದರೆ ಕೆರೆ ಕೆರೆಯಷ್ಟೇ ದೊಡ್ಡದಾಗಿದೆ. ಸ್ಟುಡಿಯೋದ ಗೋಡೆಗೆ ತೂಗುಹಾಕಿದ್ದೇನೆ. ಅದರ ಜೋಡಿ, ಅವನು ನಿಂತದ್ದು, ಹುಲೇಕಲ್ಲಿನಲ್ಲಿ ಸಾವಿತ್ರಕ್ಕನ ಅಡುಗೆಮನೆಯ ಬಾಗಿಲ ಮೇಲಿದೆ. ಫೋಟೊಕ್ಕೆ ಬಂದವರು ಕಾಯುವ ಹೊತ್ತಿನಲ್ಲಿ ನಾನು ನಿಂತ ಚಿತ್ರ ನೋಡಿ, ಇರುವೆಯಷ್ಟು ಕಾಣುವ ಆ ಮನುಷ್ಯನ ಮೇಲೆ ಬೆರಳಿಟ್ಟು ಯಾರು ಇವನು ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ಮೂಲೆಯ ಕುರ್ಚಿಯಲ್ಲಿ ಕವಳ ಹಾಕುತ್ತಾ ಕೂತ ಶ್ರೀಪಾದ, ಪೇಪರಿನಿಂದ ತಲೆ ಎತ್ತದೆ ಉತ್ತರ ಕೊಡುತ್ತಾನೆ.

“ಅದಾ? ಅದು ಯಾರೂ ಅಲ್ಲ. ಅಳತೆಗೆ ನಿಲ್ಸಿದ್ದು.”

ನಾನು ಎದ್ದು ಎರಡು ಚಹಾಕ್ಕೆ ಹೇಳಿ ಬರುತ್ತೇನೆ.